ಬಾಯಾರಿದ ಹಳದಿ

"ಗುರುಗಳೇ, ಗಂಟು ಕಟ್ಟಿ ಇಟ್ಟಿದ್ದೇನೆ. ನನಗಿಂತ ಎರಡು ವರ್ಷ ತಡವಾಗಿ ಬಂದ ಕಲ್ಲಯ್ಯನನ್ನು ಊರೂರಲ್ಲಿ ಬೋಧಿಸಲು ಕಳಿಸಿದಿರಿ. ನಾನಿನ್ನೂ ಮಾಗಲಿಲ್ಲವೇ? ಹೊರಡಲು ಅಪ್ಪಣೆ ಕೊಡಿ" ಎಂದ ಶಿಷ್ಯ.

ಗುರುಗಳು ಗಂಟಿನ ಕಡೆ ನೋಡಿ ಹೇಳತೊಡಗಿದರು:

ಒಬ್ಬ ವ್ಯಾಪಾರಿಯಿದ್ದ. ಹೊಗೆಸೊಪ್ಪು ಹೊಲದಲ್ಲಿ ನಿಂತಿರುವಾಗಲೇ ಕೊಳ್ಳುವುದು ಅವನ ಪದ್ಧತಿ. ದೂರದಿಂದಲೇ ತೂಕ ಹೇಳುವ ಕಣ್ಣು ಅವನದು. ಒಂದು ವರ್ಷ ಒಬ್ಬ ರೈತ ಹೆಂಗಸಿನ ಬೆಳೆಗೆ ಮಾತು ಕೊಟ್ಟ. ಮಳೆ ತಡವಾಗಿ ಹೊಲಕ್ಕೆ ಹೊಲವೇ ಹಳದಿಗೆ ತಿರುಗಿತ್ತು. ಅಷ್ಟರಲ್ಲಿ ಮೋಡ ಕಟ್ಟಿತು. ಮಾಗಿದ ಎಲೆಯ ಮೇಲೆ ಮಳೆ ಬಿದ್ದರೆ ಅಂಟು ತೊಳೆದುಹೋಗಿ, ಕಸುವೆಲ್ಲ ಮಣ್ಣುಪಾಲು. ಆ ವರ್ಷದ ಅವನ ವ್ಯಾಪಾರವೆಲ್ಲ ಅದೇ ಹೊಲದಲ್ಲಿ ನಿಂತಿತ್ತು. ಪಕ್ಕದ ಹೊಲದವನು ಆಗಲೇ ಕೊಯ್ದು ಗಾಡಿ ತುಂಬುತ್ತಿದ್ದ.

"ಏನಮ್ಮಾ, ಎಲೆಗೆ ಮುಹೂರ್ತ ನೋಡ್ತಾ ಕೂತಿದ್ದೀಯಾ? ಹಳದಿಯಾಗಿರೋದು ಕಾಣೋದಿಲ್ವಾ?" ಎಂದ ವ್ಯಾಪಾರಿ.

"ಕಾಣ್ತದೆ ಸಾವ್ಕಾರ್ರೇ. ನಿಮ್ಮ ಕಣ್ಣು ಒಪ್ಪಿದ ಎಲೆಯನ್ನ ನೀವೇ ಮುರೀರಿ, ನೋಡೋಣ."

ಅವನು ಒಂದು ಹಳದಿ ಎಲೆಯನ್ನು ಹಿಡಿದು ಕೆಳಕ್ಕೆ ಎಳೆದ. ಎಲೆಯ ಜೊತೆ ಕಾಂಡದ ಸಿಪ್ಪೆಯೂ ಗೇಣುದ್ದ ಸುಲಿದು ಬಂತು. ಅವಳು ಅದೇ ಗಿಡದ ಬುಡದ ಎರಡು ಎಲೆಗಳನ್ನು ಹೆಬ್ಬೆರಳಿನಿಂದ ಒತ್ತಿದಳು. ಟಪ್ಪೆಂದು ಕಳಚಿದವು. ಗಿಡಕ್ಕೆ ಗಾಯವಾಗಲಿಲ್ಲ.

"ಇದು ಮಾಗಿದ್ದು. ನಿಮ್ಮ ಕೈಲಿರೋದು ಬಾಯಾರಿದ ಹಳದಿ. ನೀರು ಕುಡೀಲಿ, ಬಿಡಿ."

ಮಾಲೇ ಸಾಕ್ಷಿ ಹೇಳುವಾಗ ವಾದ ಮಾಡುವವನು ವ್ಯಾಪಾರಿಯಲ್ಲ. ಅವನು ಆ ಸಿಪ್ಪೆಯನ್ನು ಒಮ್ಮೆ ನೋಡಿ, ತಾನು ತಂದಿದ್ದ ಗಾಡಿಗಳನ್ನು ಖಾಲಿಯಾಗಿಯೇ ಹಿಂದಕ್ಕೆ ಕಳಿಸಿದ.

ಮೂರು ದಿನ ಮಳೆ ಹೊಯ್ಯಿತು. ವಾರ ಬಿಟ್ಟು ಅವನು ಬಂದಾಗ ಹಳದಿ ಹೊಲ ಮತ್ತೆ ಹಸಿರಾಗಿತ್ತು. ಆಮೇಲೆ ಬುಡದಿಂದ ತುದಿಗೆ ಎಲೆ ಮಾಗುತ್ತ ಹೋಯಿತು. ಅವಳು ಸಲಕ್ಕೆ ಎರಡು ಮೂರರಂತೆ ಮುರಿಯುತ್ತ ಹೋದಳು. ಬೆಂಕಿಯ ಕಾವಿನಲ್ಲಿ ಹದಮಾಡಿ ಒಣಗಿಸಿದಾಗ ಅವಳ ಸೊಪ್ಪು ಚಿನ್ನದ ಬಣ್ಣಕ್ಕೆ ಬಂತು; ಪಕ್ಕದವನ ಸೊಪ್ಪು ಹಸಿರು ಕಲೆ ಬಿಡಲೇ ಇಲ್ಲ. ಮರುವರ್ಷದಿಂದ ಆ ವ್ಯಾಪಾರಿ ಎಲೆ ನೋಡುವುದನ್ನೇ ಬಿಟ್ಟ. ಅವಳ ಹೊಲದ ಬದುವಿನಲ್ಲಿ ಚಪ್ಪಲಿ ಕಳಚಿಟ್ಟು, "ಯಾವತ್ತು ಬರಲಮ್ಮಾ?" ಎಂದು ಕೇಳಿ ಹೋಗುತ್ತಿದ್ದ.

ಶಿಷ್ಯ ಕೇಳಿದ: "ನನ್ನದು ಯಾವ ಹಳದಿ, ಗುರುಗಳೇ?"

"ಅಪ್ಪಣೆ ಕೇಳಲು ಬಾಯಿ ತೆರೆದೆ, ಜೊತೆಗೆ ಕಲ್ಲಯ್ಯನ ಹೆಸರೂ ಗೇಣುದ್ದ ಸುಲಿದು ಬಂತಲ್ಲ, ಮಗೂ."