ಕೇಳುವ ಮಾತುಗಳನ್ನೆಲ್ಲ ಕಲಿತವನು

“ಉಸ್ತಾದ್, ಅರಬಿಯಲ್ಲಿ ಪ್ರಶ್ನೆ ಕೇಳುವ ಮಾತುಗಳನ್ನೆಲ್ಲ ಕಲಿತುಬಿಟ್ಟೆ. ನನ್ನನ್ನು ಕೇಳುವವರು ಮಾತ್ರ ಯಾಕೆ ಯಾರೂ ಇಲ್ಲ?”

ಕೇಳಿದವನು ನೌಫಲ್. ಮಸೀದಿಯ ದರ್ಸಿನಲ್ಲಿ, ಅಂದರೆ ಅಲ್ಲಿನ ಪಾಠಶಾಲೆಯಲ್ಲಿ, ಓದಲು ದೂರದ ಊರಿನಿಂದ ಬಂದವ. ‘ಏನು’ ಎನ್ನಲು ಗ್ರಂಥದಲ್ಲಿ ‘ಮಾ’, ಮಿಸ್ರಿನವರಿಗೆ, ಅಂದರೆ ಈಜಿಪ್ಟಿನವರಿಗೆ, ‘ಏಹ್’, ಶಾಮಿನವರಿಗೆ, ಅಂದರೆ ಸಿರಿಯಾ ಕಡೆಯವರಿಗೆ, ‘ಶೂ’. ‘ಎಲ್ಲಿ’ ಎನ್ನಲು ಗ್ರಂಥದಲ್ಲಿ ‘ಅಯ್ನ’, ಒಬ್ಬರಿಗೆ ‘ಫೇನ್’, ಇನ್ನೊಬ್ಬರಿಗೆ ‘ವೇನ್’. ಎಲ್ಲವೂ ಅವನಿಗೆ ಬಾಯಿಪಾಠ. ಆಯಾ ನಾಡಿನವರ ಮೂಗು, ಗಂಟಲು ಸಮೇತ ಹೇಳಿ ಜೊತೆಯವರನ್ನು ನಗಿಸುತ್ತಿದ್ದ. ನಕ್ಕವರು ನಕ್ಕು ಎದ್ದು ಹೋಗುತ್ತಿದ್ದರು.

ದರ್ಸಿನವರಿಗೆ ಊರಿನ ಮನೆಗಳಲ್ಲಿ ಊಟ. ನೌಫಲನ ಪಾಲಿನ ಮನೆಯವರು ಅನ್ನ ಬಡಿಸುತ್ತಿದ್ದರು, ಮೀನು ಬಡಿಸುತ್ತಿದ್ದರು, ಸಾಕು ಎಂದರೂ ಇನ್ನೊಂದು ಸೌಟು ಸುರಿಯುತ್ತಿದ್ದರು. ಯಾವ ಊರು, ಮನೆಯಲ್ಲಿ ಯಾರಿದ್ದಾರೆ ಎಂದು ಒಬ್ಬರೂ ಕೇಳಿರಲಿಲ್ಲ. ಆ ಮನೆಯ ಬೆಕ್ಕಿಗಾದರೂ ಒಂದು ಹೆಸರಿತ್ತು. ಇವನು ಬರೀ ‘ದರ್ಸಿನ ಹುಡುಗ’. ಅಂದು ಬಟ್ಟೆಯ ಗಂಟು ಕಟ್ಟಿಟ್ಟೇ ಅವನು ಪಾಠ ಹೇಳುವ ಉಸ್ತಾದರ ಮುಂದೆ ಬಂದು ಕೂತಿದ್ದ.

ಗಂಟಿನ ವಿಷಯ ಉಸ್ತಾದರಿಗೆ ಗೊತ್ತಿತ್ತು. ಅದನ್ನೆತ್ತದೆ ಒಂದು ಕತೆ ಹೇಳಿದರು.

ನಮ್ಮ ಕರಾವಳಿಯ ಒಬ್ಬ ವ್ಯಾಪಾರಿ ಇದ್ದ. ತನ್ನವರನ್ನೆಲ್ಲ ಮಣ್ಣು ಮಾಡಿ ಹಡಗು ಹತ್ತಿದವ. ಇಳಿದ ಬಂದರಿನಲ್ಲೆಲ್ಲ ಮೊದಲು ಕಲಿಯುತ್ತಿದ್ದದ್ದು ಅಲ್ಲಿಯವರ ಪ್ರಶ್ನೆಯ ಮಾತು. ಯಾರಾದರೂ ತನ್ನನ್ನು ವಿಚಾರಿಸಿದರೆ ತಿಳಿಯದೆ ಹೋಗಬಾರದು ಎಂಬ ಆಸೆ. ಬಂದರಿನವರು ವಿಚಾರಿಸಿದರು, ನಿಜ. ಇದು ಏನು, ಎಲ್ಲಿಯದು, ಹೇಗೆ ಬೆಳೆಯುತ್ತದೆ ಎಂದರು. ಎಲ್ಲವೂ ಅವನ ಮೆಣಸಿನ ಬಗ್ಗೆ. ಮೆಣಸು ಹೊತ್ತು ತಂದವನ ಬಗ್ಗೆ ಏನೂ ಇಲ್ಲ.

ಬೇಸತ್ತು ಅವನು ಮರಳುಗಾಡಿನ ಕಡೆ ನಡೆದ. ಅಲ್ಲಿ ಒಬ್ಬ ಮುದುಕನ ಡೇರೆ ಸಿಕ್ಕಿತು. ಮುದುಕ ಕೈಹಿಡಿದು ಒಳಗೆ ಕರೆದ. ಇದ್ದ ಒಂದೇ ಕುರಿಯನ್ನು ಕೊಯ್ದ. ಬೆಂಕಿಯ ಹತ್ತಿರದ ಜಾಗ ಬಿಟ್ಟುಕೊಟ್ಟ. ಏನನ್ನೂ ಕೇಳಲಿಲ್ಲ.

ಮೂರು ದಿನ ಕಳೆಯುವವರೆಗೆ ಅತಿಥಿಯನ್ನು ಯಾರು, ಎಲ್ಲಿಂದ, ಯಾಕೆ ಎನ್ನಬಾರದು ಎಂಬುದು ಆ ಜನರ ಕಟ್ಟಳೆ. ಕೇಳಿದರೆ, ಹಾಕಿದ ಅನ್ನಕ್ಕೆ ಲೆಕ್ಕ ಕೇಳಿದ ಹಾಗೆ. ವ್ಯಾಪಾರಿಗೆ ಅದು ತಿಳಿಯದು. ತನ್ನ ಹೆಸರು, ಊರ ಹೊಳೆಯ ಹೆಸರು, ತೀರಿಕೊಂಡ ಮಗಳ ಹೆಸರು, ಎಲ್ಲವನ್ನೂ ಅರಬಿಯಲ್ಲಿ ಜೋಡಿಸಿಕೊಂಡು ಕಾದ. ಮುದುಕ ಪ್ರತಿ ಸಂಜೆ ಕಾಫಿಯನ್ನು ಮೂರು ಬಟ್ಟಲಿಗೆ ಸುರಿಯುತ್ತಿದ್ದ, ಕುಡಿಯುವವರು ಇಬ್ಬರೇ. ವ್ಯಾಪಾರಿ ಅದನ್ನು ನೋಡಿದ. ‘ಯಾಕೆ’ ಎನ್ನಲು ಅವನಲ್ಲಿ ನಾಲ್ಕು ನಾಡಿನ ಮಾತಿತ್ತು. ಒಂದನ್ನೂ ಆಡಲಿಲ್ಲ.

ಮೂರನೆಯ ರಾತ್ರಿ, ಇವರಿಗೂ ನಾನು ಬೇಡ ಎಂದುಕೊಂಡು, ಹೇಳದೆ ಎದ್ದು ಹೊರಟ. ಮೂರು ದಿನ ನಾಲಿಗೆ ಕಚ್ಚಿಕೊಂಡಿದ್ದ ಮುದುಕ ಬೆಳಕು ಹರಿಯುವ ಮೊದಲೇ ಕಾಫಿ ಕಾಸಿ, “ನೀನು ಯಾರಪ್ಪಾ, ಎಲ್ಲಿಂದ ಬಂದೆ?” ಎನ್ನುತ್ತಾ ಬಂದ. ಹಾಸಿಗೆ ಖಾಲಿ ಇತ್ತು.

ಕತೆ ಅಲ್ಲಿಗೆ ನಿಂತಿತು. ನೌಫಲನಿಗೆ ನಗಿಸುವ ಹಳೆಯ ಚಾಳಿ ಎದ್ದಿತು.

“ತಪ್ಪು ಮುದುಕನದೇ ಉಸ್ತಾದ್. ಇದ್ದ ಕುರಿಯನ್ನೇ ಕೊಯ್ದವನಿಗೆ ಒಂದು ಮಾತು ಕೇಳೋಕೆ ಏನು ಧಾಡಿ?”

ಉಸ್ತಾದರು ನಗಲಿಲ್ಲ.

“ಮನೆಯವನು ಅತಿಥಿಯನ್ನು ಕೇಳಬಾರದು ಅಂತ ಕಟ್ಟಳೆ ಇತ್ತು ಮಗನೇ; ಅತಿಥಿ ಮನೆಯವನನ್ನು ಕೇಳಬಾರದು ಅಂತ ಎಲ್ಲಿತ್ತು?”