ವಿಗ್ಗಿನ ಮೀಟಿಂಗು

ಇದನ್ನು ಹೇಳದಿದ್ದರೆ ನನಗೆ ಊಟ ಸೇರದು. ನಮ್ಮ ಮ್ಯಾನೇಜರ್ ಪರಮಶಿವಯ್ಯನವರು ಕಂಪ್ಯೂಟರ್ ಗುಮಾಸ್ತೆಯನ್ನು ಕರೆದು, "ಆಫೀಸಲ್ಲಿ ಯಾರು ಮೀಟಿಂಗ್ ಕರೆದರೂ ಆಹ್ವಾನ ಗುಟ್ಟಾಗಿ ನನಗೂ ತಾನಾಗಿ ಬರೋ ಹಾಗೆ ಕಂಪ್ಯೂಟರಿಗೊಂದು ಸ್ಕ್ರಿಪ್ಟ್ ಬರೆಯಮ್ಮ. ಬಾಯಿಬಿಟ್ಟೆಯೋ, ವರ್ಗಾವಣೆ!" ಎಂದರು.

ಆಕೆ ಬರೆದಳು. ಬಾಯಿ ಬಿಡಲಿಲ್ಲ. ಮರುದಿನ ತನಗೆ ತಾನೇ ಒಂದು ಆಹ್ವಾನ ಕಳಿಸಿಕೊಂಡಳು: "ಮೂರು ಗಂಟೆ, ಕ್ಯಾಂಟೀನ್. ವಿಷಯ: ಸಾಹೇಬರ ವಿಗ್ಗಿಗೆ ಮುಂಭಾಗ ಯಾವುದು?"

ನಾವೆಲ್ಲ ಕ್ಯಾಂಟೀನಿನಲ್ಲಿ ಮೂರರ ಕಾಫಿ ಹೀರುತ್ತಿದ್ದಾಗ ಸಾಹೇಬರು ನುಗ್ಗಿದರು. "ಯಾರ್ರೀ ನನ್ನ ವಿಗ್ಗಿನ ಮೀಟಿಂಗ್ ಮಾಡ್ತಿರೋದು?"

ಅದು ವಿಗ್ಗೆಂದು ನಮಗೆ ತಿಳಿದದ್ದೇ ಆಗ!

"ಕರೆದದ್ದು ನನ್ನೊಬ್ಬಳನ್ನೇ ಸಾರ್," ಎಂದಳು ಆಕೆ. "ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನ ಸ್ಕ್ರಿಪ್ಟೇ ಎಲ್ಲರ ಆಹ್ವಾನವನ್ನೂ ನನಗೆ ಕಳಿಸುತ್ತಲ್ಲ!" ಎಂದು ಗುಡುಗಿದ ಸಾಹೇಬರು ನಮ್ಮ ಮುಖ ನೋಡಿ ನಾಲಗೆ ಕಚ್ಚಿಕೊಂಡರು.

ಆಕೆ ಮೆಲ್ಲಗೆ ಕೇಳಿದಳು: "ಬಾಯಿಬಿಟ್ಟವರಿಗೆ ವರ್ಗಾವಣೆ ಯಾವೂರಿಗೆ ಸಾರ್?"