ಗಂಟಿನಲ್ಲಿ ಸಿಕ್ಕಿಸಿದ ಕಾಳು

"ಗುರುಗಳೇ, ಯಾವ ಪಟ್ಟಿ ಕೊಟ್ಟರೂ ಜೋಡಿಸಿಕೊಡುವ ಒಂದೇ ಮೆಥಡ್ ಬರೆದಿದ್ದೇನೆ. ಒಳಗಿರುವುದು ಅಂಕಿಯೋ ಹೆಸರೋ ಎಂದು ಅದು ಕೇಳುವುದೇ ಇಲ್ಲ. ಅದಕ್ಕೆ ಎಲ್ಲವೂ ಬರಿಯ ಆಬ್ಜೆಕ್ಟ್. ಹೀಗಿರುವಾಗ, ಇಂಥ ಬಗೆಯದು ಎಂದು ಮೊದಲೇ ಹೇಳಿಸುವ ಜೆನೆರಿಕ್ ಮೆಥಡ್‌ನ ಗೋಜೇಕೆ?" ಎಂದು ಶಿಷ್ಯ ಕೇಳಿದ.

ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಗುರುಗಳು ಕಂಪ್ಯೂಟರಿನ ಪರದೆ ಮುಚ್ಚಿ ಕತೆ ಹೇಳಿದರು.

ಕಡಲ ಕಡೆಯ ಒಂದು ಊರಿನಲ್ಲಿ ಒಬ್ಬ ಮುಡಿ ಕಟ್ಟುವವನಿದ್ದ. ಅಕ್ಕಿಯಾಗಲಿ, ಬಿತ್ತನೆಯ ಭತ್ತವಾಗಲಿ, ಉದ್ದಾಗಲಿ, ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು ಉರುಟು ಮುಡಿ ಮಾಡುತ್ತಿದ್ದ. ಅರೆಗಣ್ಣು ಮುಚ್ಚಿಯೇ ಕೆಲಸ. ಹುಲ್ಲಿನ ಸರಬರ ಸದ್ದಿಗೆ ಕಾದು ಕುಳಿತವರೂ ತೂಕಡಿಸುತ್ತಿದ್ದರು. ಕಾಳು ಯಾವುದಾದರೂ ಅವನ ಕೈಯ ಓಟ ಬದಲಾಗುತ್ತಿರಲಿಲ್ಲ. ಆದರೆ ಪ್ರತಿ ಸಲವೂ ಮೊದಲು, "ಎಂತ ತಂದದ್ದು?" ಎಂದು ಕೇಳುತ್ತಿದ್ದ. ಹೇಳಿದ್ದೊಂದು, ಬುಟ್ಟಿಯಲ್ಲಿದ್ದದ್ದು ಇನ್ನೊಂದಾದರೆ ಅಂಗಳದಿಂದಲೇ ವಾಪಸು ಕಳಿಸುತ್ತಿದ್ದ. ಸರಿಯಿದ್ದರೆ ಅದೇ ಕಾಳನ್ನು ಒಂದು ಚಿಟಿಕೆ ಹೊರಗಿನ ಗಂಟಿನಲ್ಲಿ ಸಿಕ್ಕಿಸುತ್ತಿದ್ದ.

ಊರವರಿಗೆ ಈ ಕಿರಿಕಿರಿ ಸಾಕಾಗಿತ್ತು. ಅಷ್ಟರಲ್ಲಿ ಇನ್ನೊಬ್ಬ ಬಂದ. ಅವನು ಏನನ್ನೂ ಕೇಳುತ್ತಿರಲಿಲ್ಲ, ಏನನ್ನೂ ಸಿಕ್ಕಿಸುತ್ತಿರಲಿಲ್ಲ. ಕಟ್ಟುತ್ತಿದ್ದದ್ದು ಮಾತ್ರ ಚೆಂದವೇ, ಸುಳ್ಳು ಹೇಳಬಾರದು.

ಒಂದು ತುಂಡು ಗದ್ದೆಯಿದ್ದ ಒಬ್ಬ ಹೆಂಗಸು ಅವನಿಂದ ಎರಡು ಮುಡಿ ಕಟ್ಟಿಸಿದಳು. ಒಂದರಲ್ಲಿ ಕುಚ್ಚಲಕ್ಕಿ. ಇನ್ನೊಂದರಲ್ಲಿ ಅವಳಲ್ಲಿದ್ದ ಬಿತ್ತನೆಯ ಭತ್ತವೆಲ್ಲ. ಹೊರಗಿನಿಂದ ಎರಡೂ ಒಂದೇ. ಬೇಸಿಗೆಯಲ್ಲಿ ತಂಗಿಯ ಮನೆಯ ಮದುವೆಗೆ ಅಕ್ಕಿಯ ಮುಡಿ ಎಂದುಕೊಂಡು ಒಂದನ್ನು ಕಳಿಸಿದಳು. ಉಳಿದದ್ದು ಅಟ್ಟದ ಮೇಲಿತ್ತು. ಅದರ ಕೆಳಗೆ ಮಲಗಿ ದಿನವೂ ಹಸುರು ಪೈರಿನ ಕನಸು ಕಾಣುತ್ತಿದ್ದಳು. ಕನಸಿನಲ್ಲಿ ಗದ್ದೆ ಮೆಲ್ಲಗೆ ಅಂಗಳ ದಾಟಿ ಅವಳ ಚಾಪೆಯವರೆಗೂ ಬರುತ್ತಿತ್ತು. ಅಷ್ಟು ಸುಖ ಅವಳಿಗೆ ಎಚ್ಚರದಲ್ಲಿ ಸಿಕ್ಕಿರಲಿಲ್ಲ.

ಮಳೆ ಹಿಡಿಯಿತು. ಅಲ್ಲಿಯ ರೂಢಿಯಂತೆ ಮುಡಿಯನ್ನು ಬಿಚ್ಚದೆಯೇ ಕೆರೆಯಲ್ಲಿ ಮುಳುಗಿಸಿ, ಮೇಲೆತ್ತಿ ಮೊಳಕೆಗೆ ಇಟ್ಟಳು. ಉತ್ತು ಹದವಾದ ಗದ್ದೆಯ ಬದುವಿನಲ್ಲಿ ಕುಳಿತು ಹಗ್ಗ ಬಿಚ್ಚಿದಳು. ಒಳಗೆ ಮೊಳಕೆಯಿರಲಿಲ್ಲ. ಹುಳಿ ನಾರುವ ಅಕ್ಕಿಯ ಮುದ್ದೆಯಿತ್ತು. ಇನ್ನೂ ಕನಸಿನಲ್ಲೇ ಇದ್ದೇನೆಂದುಕೊಂಡು ಅದರೊಳಗೆ ಕೈ ಹಾಕಿ ಹುಡುಕಿದಳು, ಪಾಪ. ತಂಗಿಯ ಮನೆಗೆ ಓಡಿದರೆ, ಅಲ್ಲಿ ಆ ಭತ್ತವನ್ನು ಕುಟ್ಟಿ, ಬೇಯಿಸಿ, ಉಂಡಾಗಿತ್ತು. ಗದ್ದೆ ಆ ವರ್ಷ ಬಿತ್ತನೆಯಿಲ್ಲದೆ ಹಡಿಲು ಬಿತ್ತು.

ಅವಳು ಮುಡಿ ಕಟ್ಟಿದವನನ್ನು ಕೇಳಲು ಹೋದಳು.

"ನಾನು ಕಟ್ಟಿದ್ದು ಒಂದಾದರೂ ಸಡಿಲ ಆದದ್ದುಂಟಾ?" ಎಂದ ಅವನು.

"ಅದೂ ನಿಜವೇ. ಅವನ ಕೆಲಸದಲ್ಲಿ ತಪ್ಪಿಲ್ಲವಲ್ಲ" ಎಂದು ಶಿಷ್ಯ ನಡುವೆ ಬಾಯಿ ಹಾಕಿದ.

ಗುರುಗಳು ಪರದೆಯನ್ನು ತೆರೆದು ಅವನ ಕಡೆಗೆ ತಿರುಗಿಸಿದರು: "ನಿನ್ನ ಮುಡಿಯೂ ಬಿಗಿಯಾಗಿಯೇ ಇದೆ, ಮಗು, ಅದನ್ನು ಯಾರು, ಯಾವ ಗದ್ದೆಯ ಬದುವಿನಲ್ಲಿ ಕುಳಿತು ಬಿಚ್ಚುತ್ತಾರೆ?"